ಕೋಶ ಸಂಕೇತದ ಮಾದರಿ ಕಿಟ್: ಮಡಿಕೇರಿಯ ತರಗತಿಯಲ್ಲಿ ಬಳಸಿ ನೋಡಿದ ಮೇಲೆ

ಕಪ್ಪುಹಲಗೆಯ ಮೇಲೆ ಎಷ್ಟು ಬಾಣಗಳನ್ನು ಎಳೆದರೂ, ಕೋಶದೊಳಗೆ ಒಂದು ಪ್ರೋಟೀನ್ ಇನ್ನೊಂದನ್ನು ಗುರುತಿಸಿ ಹಿಡಿಯುವ ಬಗೆ ಮಡಿಕೇರಿಯ ನನ್ನ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಮನದಟ್ಟಾಗುತ್ತಿರಲಿಲ್ಲ. ಅದಕ್ಕಾಗಿಯೇ ಈ ಪ್ಲಾಸ್ಟಿಕ್ ಕಿಟ್ ತರಿಸಿದೆ.

ಇದರ ಜೀವಾಳ, ಹೊರಗಿನ ಸಂಕೇತವನ್ನು ಹಿಡಿಯುವ ಗ್ರಾಹಕ ಪ್ರೋಟೀನನ್ನು ಕೋಶದೊಳಗಿನ ಪ್ರೋಟೀನ್‌ಗಳಿಗೆ ಜೋಡಿಸುವ ಗ್ರಬ್2 ಎಂಬ ಪ್ರೋಟೀನಿನ ಮಾದರಿ: ನಡುವೆ ಸುಮಾರು 100 ಅಮೈನೊ ಆಮ್ಲಗಳ ಎಸ್‌ಎಚ್2 ವಲಯ (ಪ್ರೋಟೀನಿನಲ್ಲಿ ತನ್ನದೇ ಕೆಲಸವಿರುವ ಭಾಗ), ಎರಡೂ ಬದಿಗೆ ಸುಮಾರು 60 ಅಮೈನೊ ಆಮ್ಲಗಳ ಎಸ್‌ಎಚ್3 ವಲಯಗಳು. ಗ್ರಾಹಕ ಪ್ರೋಟೀನಿನ ಟೈರೋಸಿನ್ ಎಂಬ ಅಮೈನೊ ಆಮ್ಲಕ್ಕೆ ಕೆಂಪು ಫಾಸ್ಫೇಟ್ ಗುಂಡನ್ನು ಸಿಕ್ಕಿಸಿದರೆ ಮಾತ್ರ ಅದು ಎಸ್‌ಎಚ್2 ಕುಳಿಯಲ್ಲಿ, ಧನಾವೇಶದ ಆರ್ಜಿನಿನ್ ಇರುವ ಜಾಗದ ಅಯಸ್ಕಾಂತಕ್ಕೆ ಟಕ್ಕನೆ ಕೂರುತ್ತದೆ. ಗುಂಡು ತೆಗೆದರೆ ಕಳಚಿ ಬೀಳುತ್ತದೆ. ಪ್ರೋಲಿನ್ ಹೇರಳವಾಗಿರುವ ತನ್ನ ಎಳೆಯಿಂದ ಎಸ್‌ಎಚ್3ಕ್ಕೆ ಅಂಟಿಕೊಂಡ ಸಾಸ್ ಪ್ರೋಟೀನ್ ಕೋಶಪೊರೆಯ ಬಳಿಗೆ ಬಂದು ಬೆಳವಣಿಗೆಯ ಸಂಕೇತವನ್ನು ಮುಂದಕ್ಕೆ ಸಾಗಿಸುವ ರಾಸ್ ಎಂಬ ಪ್ರೋಟೀನನ್ನು ಸಕ್ರಿಯಗೊಳಿಸುವುದನ್ನು, ಎಂದೂ ಬಾಯಿ ಬಿಡದ ವಿದ್ಯಾರ್ಥಿನಿಯೊಬ್ಬಳು ತಾನೇ ಜೋಡಿಸಿ ವಿವರಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಒಂದು ಕೊರತೆ ಮಾತ್ರ ಗಂಭೀರವಾದದ್ದು. ಎಸ್‌ಎಚ್2 ವಲಯ ಬೇರೆ ಪ್ರೋಟೀನ್‌ಗಳಲ್ಲೂ ಇದೆ; ಯಾವ ಎಸ್‌ಎಚ್2 ಎಲ್ಲಿ ಕೂರಬೇಕೆಂಬುದನ್ನು ಟೈರೋಸಿನ್‌ನ ನಂತರದ ಕೆಲವು ಅಮೈನೊ ಆಮ್ಲಗಳೂ ನಿರ್ಧರಿಸುತ್ತವೆ. ಗ್ರಬ್2ಕ್ಕೆ ಎರಡನೆಯ ಸ್ಥಾನದಲ್ಲಿ ಆಸ್ಪರಜಿನ್ ಬೇಕು. ಕಿಟ್‌ನಲ್ಲಿ ಈ ವ್ಯತ್ಯಾಸವೇ ಇಲ್ಲದ್ದರಿಂದ ನಾನು ಬಣ್ಣದ ಟೇಪು ಸುತ್ತಿ ತೋರಿಸಬೇಕಾಯಿತು. ಇನ್ನು, ನಮ್ಮ ಮಳೆಗಾಲದ ತೇವಕ್ಕೆ ಎರಡು ಅಯಸ್ಕಾಂತಗಳು ತುಕ್ಕು ಹಿಡಿದಿವೆ; ಮಾರಾಟಗಾರರು ಬದಲಿ ಕಳುಹಿಸಿಲ್ಲ.