ಬಿಎಂಡಬ್ಲ್ಯೂ ಎಂ3 ಕಾಂಪಿಟಿಷನ್ ಎಕ್ಸ್‌ಡ್ರೈವ್: ಸೆಟಪ್ ಮೆನುವಿನಲ್ಲಿ ಏನನ್ನು ಎಲ್ಲಿಡಬೇಕು

2021ರಲ್ಲಿ ಬಂದಾಗ ಈ ಆಲ್-ವೀಲ್ ಡ್ರೈವ್ ಎಂ3ರಲ್ಲಿ ಇದ್ದದ್ದು 3 ಲೀಟರ್‌ನ ಆರು ಸಿಲಿಂಡರ್ ಟ್ವಿನ್ ಟರ್ಬೊ ಎಂಜಿನ್, 510 ಪಿಎಸ್ (ಅಶ್ವಶಕ್ತಿ), 650 ನ್ಯೂಟನ್ ಮೀಟರ್ ಟಾರ್ಕ್. ಇಷ್ಟು ಶಕ್ತಿಯ ಸೆಡಾನ್ ದಿನಬಳಕೆಗೂ ಹಿತವಾಗಿರಬೇಕಾದರೆ ಸೆಟಪ್ ಮೆನುವಿನಲ್ಲಿ ಸ್ವಲ್ಪ ಹೊತ್ತು ಕೂರಲೇಬೇಕು.

ಗೇರ್ ಲಿವರ್ ಬಳಿಯ ‘ಸೆಟಪ್’ ಬಟನ್ ಒತ್ತಿದರೆ ಎಂಜಿನ್, ಷಾಸಿ (ಅಂದರೆ ಸಸ್ಪೆನ್ಷನ್ ಎಷ್ಟು ಗಟ್ಟಿ ಎಂಬುದು), ಸ್ಟೀರಿಂಗ್, ಬ್ರೇಕ್, ಚಕ್ರಗಳಿಗೆ ಶಕ್ತಿ ಹಂಚುವ ಎಂ ಎಕ್ಸ್‌ಡ್ರೈವ್ ಎಲ್ಲವನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಈ ಕಾರಿನ ನಿಜವಾದ ಸೊಗಸು ಇರುವುದೇ ಇಲ್ಲಿ. ‘ಎಂ ಮೋಡ್’ ಬಟನ್ ಬೇರೆ: ಅದು ಬದಲಿಸುವುದು ಡಿಸ್‌ಪ್ಲೇ ಮತ್ತು ಚಾಲಕನಿಗೆ ನೆರವಾಗುವ ವ್ಯವಸ್ಥೆಗಳನ್ನು. ಸಸ್ಪೆನ್ಷನ್ ಇದ್ದಂತೆಯೇ ಇರುತ್ತದೆ.

ಎಂಜಿನ್‌ಗೆ ‘ಸ್ಪೋರ್ಟ್’ ಸಾಕು. ‘ಸ್ಪೋರ್ಟ್ ಪ್ಲಸ್’ನಲ್ಲಿ ಶಕ್ತಿಯೇನೂ ಹೆಚ್ಚುವುದಿಲ್ಲ, ಪೆಡಲ್ ಚುರುಕಾಗುತ್ತದೆ ಅಷ್ಟೇ. ಗುಂಡಿ ಬಿದ್ದ ರಸ್ತೆಯಲ್ಲಿ ಪಾದ ಕೊಂಚ ಅಲುಗಿದರೂ ಕಾರು ಮುಂದಕ್ಕೆ ನುಗ್ಗುತ್ತದೆ.

ಹೆಚ್ಚಿನವರು ಎಡವುವುದು ಷಾಸಿಯಲ್ಲಿ. ಗಟ್ಟಿಯಾದಷ್ಟೂ ಹಿಡಿತ ಜಾಸ್ತಿ ಎಂಬ ನಂಬಿಕೆ ನುಣುಪಾದ ಟ್ರ್ಯಾಕ್‌ಗೆ ಸರಿ. ಏರುಪೇರಿನ ರಸ್ತೆಯಲ್ಲಿ ‘ಸ್ಪೋರ್ಟ್ ಪ್ಲಸ್’ ಹಾಕಿದರೆ ಉಬ್ಬು ಬಂದಾಗ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಬೇಗ ಕುಗ್ಗುವುದಿಲ್ಲ. ದಾಟಿದ ಮೇಲೆ ಚಕ್ರ ಅಷ್ಟೇ ಬೇಗ ಕೆಳಗಿಳಿಯುವುದೂ ಇಲ್ಲ. ಆ ಒಂದು ಕ್ಷಣ ಟೈರಿನ ಮೇಲಿನ ಭಾರ ಕಡಿಮೆಯಾಗಿ ಹಿಡಿತ ಸಡಿಲಾಗುತ್ತದೆ. ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರ್ ಒತ್ತಿದೊಡನೆ ಕಾರು ಜಾರದಂತೆ ತಡೆಯುವ ಡಿಎಸ್‌ಸಿ ವ್ಯವಸ್ಥೆಯ ದೀಪ ಮಿನುಗತೊಡಗಿದರೆ ‘ಕಂಫರ್ಟ್’ಗೆ ಇಳಿಸಿ ನೋಡಿ, ಎಷ್ಟೋ ಸಲ ದೀಪ ಸುಮ್ಮನಾಗುತ್ತದೆ.

ಸ್ಟೀರಿಂಗ್‌ನ ‘ಸ್ಪೋರ್ಟ್’ ಭಾರವನ್ನಷ್ಟೇ ಸೇರಿಸುತ್ತದೆ, ರಸ್ತೆಯ ಸುಳಿವು ಕೈಗೆ ಹೆಚ್ಚಾಗಿ ಸಿಗುವುದಿಲ್ಲ, ‘ಕಂಫರ್ಟ್’ ಇರಲಿ. ಬ್ರೇಕ್ ಆಯ್ಕೆಯಿಂದ ಬದಲಾಗುವುದು ಪೆಡಲಿನ ಸ್ಪಂದನೆ, ಕಾರು ನಿಲ್ಲುವ ದೂರವಲ್ಲ.

ಗೇರ್ ಬದಲಾಗುವ ವೇಗಕ್ಕೆ ಲಿವರ್ ಮೇಲೆಯೇ ಡ್ರೈವ್‌ಲಾಜಿಕ್ ಬಟನ್ ಇದೆ, ಮೂರು ಹಂತ. ರಸ್ತೆಗೆ 2 ಹದವಾಗಿದೆ. 3ರಲ್ಲಿ ಗೇರ್‌ಗಳನ್ನು ಮೇಲಿನ ಆರ್‌ಪಿಎಂವರೆಗೆ ಹಿಡಿದಿಡುತ್ತದೆ, ಟ್ರಾಫಿಕ್‌ನಲ್ಲಿ ತಲೆನೋವು.

ಎಂ ಎಕ್ಸ್‌ಡ್ರೈವ್‌ನಲ್ಲಿ 4 ವೀಲ್ ಡ್ರೈವ್, ಹಿಂಚಕ್ರಗಳಿಗೆ ಹೆಚ್ಚು ಶಕ್ತಿ ಕಳಿಸುವ 4 ವೀಲ್ ಡ್ರೈವ್ ಸ್ಪೋರ್ಟ್, ಹಿಂಚಕ್ರಗಳಿಗಷ್ಟೇ ಶಕ್ತಿ ಕೊಡುವ 2 ವೀಲ್ ಡ್ರೈವ್ ಇವೆ. ಕೊನೆಯದು ಡಿಎಸ್‌ಸಿ ಪೂರ್ತಿ ಆಫ್ ಆದರಷ್ಟೇ ಸಿಗುತ್ತದೆ, ಆದ್ದರಿಂದ ಅದು ಟ್ರ್ಯಾಕ್‌ಗೆ ಮಾತ್ರ. ಆಗ ಚಕ್ರ ಜಾರಿ ತಿರುಗುವುದನ್ನು ತಡೆಯುವ 10 ಹಂತದ ಎಂ ಟ್ರ್ಯಾಕ್ಷನ್ ಕಂಟ್ರೋಲ್ ನೆರವಿಗಿದೆ. ಹೆಚ್ಚು ತಡೆಯುವ ಹಂತದಿಂದ ಶುರುಮಾಡಿ, ಒಂದೊಂದಾಗಿ ಸಡಿಲಿಸುತ್ತ ಹೋಗಿ.

ಎಲ್ಲ ಹೊಂದಿಸಿದ ಮೇಲೆ ಸ್ಟೀರಿಂಗ್ ಮೇಲಿನ ಕೆಂಪು ಎಂ1 ಅಥವಾ ಎಂ2 ಬಟನ್ ಒತ್ತಿ ಹಿಡಿದರೆ ಸೇವ್ ಆಗುತ್ತದೆ. ಎಂ1ಗೆ ಮೇಲೆ ಹೇಳಿದ ರಸ್ತೆಯ ಹೊಂದಿಕೆ, ಡಿಎಸ್‌ಸಿ ಆನ್, 4 ವೀಲ್ ಡ್ರೈವ್. ಎಂ2ಗೆ ಎಂಡಿಎಂ (ಡಿಎಸ್‌ಸಿಯನ್ನು ಕೊಂಚ ಸಡಿಲಿಸುವ ಎಂ ಡೈನಾಮಿಕ್ ಮೋಡ್), ಎಂಜಿನ್ ‘ಸ್ಪೋರ್ಟ್ ಪ್ಲಸ್’, ಷಾಸಿ ‘ಸ್ಪೋರ್ಟ್’, 4 ವೀಲ್ ಡ್ರೈವ್ ಸ್ಪೋರ್ಟ್. ಡಿಎಸ್‌ಸಿಯನ್ನು ಸಡಿಲಿಸುವ ಹೊಂದಿಕೆಯಾದ್ದರಿಂದ ಎಂ2 ಒತ್ತಿದಾಗ ಇನ್ನೊಮ್ಮೆ ಒತ್ತಿ ಖಚಿತಪಡಿಸಲು ಕೇಳುತ್ತದೆ. ಇದು ಒಳ್ಳೆಯ ಏರ್ಪಾಡು.

ಕೊರತೆಯೂ ಉಂಟು. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಎಂ1 ತಾನಾಗಿ ಬರುವುದಿಲ್ಲ, ಪ್ರತಿ ಸಲವೂ ಒತ್ತಬೇಕು. ಜೊತೆಗೆ ಈ ಹೊಂದಿಕೆಗಳು ಉಳಿಯುವುದು ಡ್ರೈವರ್ ಪ್ರೊಫೈಲ್‌ನಲ್ಲಿ. ಮನೆಯಲ್ಲಿ ಇಬ್ಬರು ಓಡಿಸುವುದಾದರೆ ಎಂ2 ಒತ್ತುವ ಮೊದಲು ಯಾರ ಪ್ರೊಫೈಲ್ ಚಾಲ್ತಿಯಲ್ಲಿದೆ ಎಂದು ಪರದೆಯಲ್ಲಿ ನೋಡಿಕೊಳ್ಳಿ.