ಬೀಟಾ ಗಾಮಾ ಸಿಗ್ಮಾನಾ, ಬೀಟಾ ಆಲ್ಫಾ ಸೈನಾ? ಎರಡಕ್ಕೂ ಸೇರಿ ನೋಡಿದೀನಿ

ಅಮೆರಿಕದಲ್ಲಿ ಬಿಸಿನೆಸ್ ಓದ್ತಿರೋರಿಗೆ ಮಾರ್ಕ್ಸ್ ಚೆನ್ನಾಗಿ ಬಂತು ಅಂದ್ರೆ ಸಾಕು, "ನೀವು ಆಯ್ಕೆ ಆಗಿದೀರಿ, ಫೀಸ್ ಕಟ್ಟಿ" ಅಂತ ಆನರ್ ಸೊಸೈಟಿ, ಅಂದ್ರೆ ಚೆನ್ನಾಗಿ ಓದೋರನ್ನ ಸೇರಿಸ್ಕೊಳ್ಳೋ ಸಂಘಗಳ ಮೇಲ್‌ಗಳು ಬರ್ತಾನೇ ಇರ್ತವೆ. ತುಮಕೂರಲ್ಲಿರೋ ಅಪ್ಪನಿಗೆ ಹೇಳಿದ್ರೆ "ಚೆನ್ನಾಗಿ ಓದಿದ್ಕೆ ಅವ್ರು ನಿಂಗೆ ಕೊಡ್ಬೇಕು, ನೀನ್ಯಾಕೆ ಕಟ್ಬೇಕು" ಅಂದ್ರು. ಅದು ನ್ಯಾಯವಾದ ಪ್ರಶ್ನೇನೇ. ನಾನು ಫೈನಾನ್ಸ್ ಸ್ಟೂಡೆಂಟ್, ಮೂರಕ್ಕೆ ಸೇರಿದ್ದೆ.

ಮೊದಲ್ನೇದು ಎಲ್ಲಾ ಸಬ್ಜೆಕ್ಟ್‌ನೋರಿಗೂ ಇರೋ ಒಂದು ಸೊಸೈಟಿ, ಹೆಸರು ಬೇಡ. ಎರಡು ವಾರದ ದಿನಸಿ ದುಡ್ಡು ಹೋಯ್ತು, ಆಮೇಲೆ ಬಂದಿದ್ದೆಲ್ಲ ಉಂಗುರ, ಫ್ರೇಮ್ ತಗೊಳ್ಳಿ ಅನ್ನೋ ಮೇಲ್‌ಗಳೇ. ನಮ್ಮ ಕ್ಯಾಂಪಸಲ್ಲಿ ಒಂದು ಮೀಟಿಂಗೂ ಆಗ್ಲಿಲ್ಲ.

ಬೀಟಾ ಗಾಮಾ ಸಿಗ್ಮಾ ಹಂಗಲ್ಲ. 1913ರಿಂದ ಇದೆ, ಎಎಸಿಎಸ್‌ಬಿ (ಬಿಸಿನೆಸ್ ಸ್ಕೂಲ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಇರೋ ಬಿಸಿನೆಸ್ ಸ್ಕೂಲ್‌ಗಳಲ್ಲಿ ಮಾತ್ರ, ಡಿಗ್ರಿಯೋರಲ್ಲಿ ಟಾಪ್ 10 ಪರ್ಸೆಂಟ್, ಮಾಸ್ಟರ್ಸಲ್ಲಿ ಟಾಪ್ 20 ಪರ್ಸೆಂಟ್ ಒಳಗಿದ್ರೆ ಕಾಲೇಜೇ ಕರೆಯತ್ತೆ, ನಾವಾಗೇ ಹೋಗಿ ಅರ್ಜಿ ಹಾಕೋ ಹಂಗಿಲ್ಲ. ಒಂದ್ಸಲ ಕಟ್ಟಿದ್ರೆ ಜೀವನಪೂರ್ತಿ ಮೆಂಬರ್. ರೆಸ್ಯೂಮೆಲಿ ಈ ಒಂದು ಸಾಲು ಬಿಸಿನೆಸ್ ಫೀಲ್ಡಲ್ಲಿರೋರಿಗೆ ತಕ್ಷಣ ಅರ್ಥ ಆಗತ್ತೆ, ಸಮಾರಂಭದ ಫೋಟೋ ನೋಡಿ ಅಮ್ಮ ಅತ್ತೇಬಿಟ್ರು. ಆದ್ರೆ ನಮ್ಮ ಚಾಪ್ಟರಲ್ಲಿ, ಅಂದ್ರೆ ಕಾಲೇಜಲ್ಲಿರೋ ಅದರ ಶಾಖೇಲಿ, ಸೇರಿದ ಮೇಲೆ ಮಾಡೋ ಕೆಲ್ಸ ಅಂತ ಹೆಚ್ಚೇನೂ ಇರ್ಲಿಲ್ಲ.

ನಂಗೆ ನಿಜವಾಗ್ಲೂ ದಾರಿ ಮಾಡ್ಕೊಟ್ಟಿದ್ದು ಬೀಟಾ ಆಲ್ಫಾ ಸೈ. 1919ರಲ್ಲಿ ಇಲಿನಾಯ್ ಯೂನಿವರ್ಸಿಟಿಲಿ ಅಕೌಂಟಿಂಗ್‌ನೋರಿಗೆ ಅಂತ ಶುರುವಾಗಿದ್ದು, ಈಗ ಫೈನಾನ್ಸ್, ಅನಲಿಟಿಕ್ಸ್‌ನೋರೂ ಸೇರಬಹುದು. ಇಲ್ಲಿ ಬರೀ ಜಿಪಿಎ ಸಾಲಲ್ಲ, ಪ್ರೊಫೆಷನಲ್ ಕಾರ್ಯಕ್ರಮಕ್ಕೆ ಇಷ್ಟು ಗಂಟೆ, ಸೇವೆಗೆ ಇಷ್ಟು ಗಂಟೆ ಅಂತ ಲೆಕ್ಕ ಇಡ್ತಾರೆ, ಪರೀಕ್ಷೆ ಹತ್ರ ಬಂದಾಗ ಇದು ಭಾರೀ ಕಷ್ಟ ಆಗತ್ತೆ, ಒಂದು ಸೆಮಿಸ್ಟರ್ ನಂಗೆ ನಿದ್ದೆನೇ ಇರ್ಲಿಲ್ಲ. ಆದ್ರೂ ಸೇವೆ ಗಂಟೆಗೆ ಅಂತ ವೀಟಾಗೆ ಹೋದೆ ನೋಡಿ, ಅಂದ್ರೆ ಆದಾಯ ಕಮ್ಮಿ ಇರೋರಿಗೆ ಫ್ರೀಯಾಗಿ ಟ್ಯಾಕ್ಸ್ ರಿಟರ್ನ್ ಮಾಡ್ಕೊಡೋದು, ಫೆಬ್ರವರಿಯಿಂದ ಏಪ್ರಿಲ್‌ವರೆಗೂ ಪ್ರತಿ ಶನಿವಾರ. ಡಬ್ಲ್ಯು-2 ಫಾರ್ಮ್ (ಸಂಬಳ, ಕಟ್ಟಿದ ಟ್ಯಾಕ್ಸ್ ಲೆಕ್ಕ ಇರೋದು) ಹಿಡ್ಕೊಂಡು ಹೆದರಿ ಕೂತಿರೋ ಅಜ್ಜಿಗೆ ಒಂದೊಂದೇ ಬಾಕ್ಸ್ ಬಿಡಿಸಿ ಹೇಳ್ತಾ ಹೇಳ್ತಾ ನನ್ನ ಇಂಗ್ಲಿಷ್ ಭಯಾನೂ ಹೋಯ್ತು. ಇಂಟರ್ನ್‌ಶಿಪ್ ಇಂಟರ್‌ವ್ಯೂಲಿ ಅರ್ಧ ಗಂಟೆ ಕೇಳಿದ್ದು ಇದರ ಬಗ್ಗೇನೇ, ಆ ಕಂಪನಿಯೋರ ಪರಿಚಯ ಆಗಿದ್ದೂ ಚಾಪ್ಟರ್ ಮೀಟಿಂಗಲ್ಲೇ.

ಇಲ್ಲಿ ಯಾರ ಗುರುತೂ ಇಲ್ದೆ ಊರಿಂದ ಬಂದಿರೋರಾದ್ರೆ ಮೊದ್ಲು ಬೀಟಾ ಆಲ್ಫಾ ಸೈ, ಕರೆ ಬಂದ್ರೆ ಬೀಟಾ ಗಾಮಾ ಸಿಗ್ಮಾನೂ ಬಿಡ್ಬೇಡಿ. ಮಾರ್ಕೆಟಿಂಗ್, ಎಚ್ಆರ್ ಓದೋರಿಗೆ ಬೀಟಾ ಆಲ್ಫಾ ಸೈ ಅಷ್ಟು ಹೊಂದಲ್ಲ. ನಿಮ್ಮ ಕಾಲೇಜಿಗೆ ಎಸಿಬಿಎಸ್‌ಪಿ (ಮಾನ್ಯತೆ ಕೊಡೋ ಇನ್ನೊಂದು ಸಂಸ್ಥೆ) ಮಾನ್ಯತೆ ಇದ್ರೆ ಅಲ್ಲಿ ಡೆಲ್ಟಾ ಮ್ಯೂ ಡೆಲ್ಟಾ ಅನ್ನೋ ಬಿಸಿನೆಸ್ ಆನರ್ ಸೊಸೈಟಿ ಇರಬಹುದು, ಅದೂ 1913ರದ್ದೇ. ಯಾವುದೇ ಆಗ್ಲಿ, ಕಾರ್ಡ್ ತೆಗೆಯೋಕೆ ಮುಂಚೆ ಚಾಪ್ಟರ್ ನೋಡ್ಕೊಳೋ ಪ್ರೊಫೆಸರ್ ಹತ್ರ ಹೋಗಿ ಕಳೆದ ಸೆಮಿಸ್ಟರಲ್ಲಿ ಎಷ್ಟು ಮೀಟಿಂಗ್ ಆಯ್ತು ಅಂತ ಕೇಳಿ.