ಇಂಜಿನ್ ಕಟ್ಟಿಸುವವರೇ, ಚೇಂಬರ್ ಮುಚ್ಚುವ ಮೊದಲು ಬೇರಿಂಗಿನ ಬೆನ್ನು ನೋಡಿ

ಹಳೇ ಲಾರಿಯ ಇಂಜಿನ್ ಕಟ್ಟಿಸಬೇಕು ಅಂತಿರುವವರು ಇದನ್ನೊಮ್ಮೆ ಓದಿ. ನನಗೆ ಒಂದು ಮಳೆಗಾಲ ಪೂರ್ತಿ ಹೋಯಿತು. ಅಡಿಕೆ ದುಡ್ಡಿನಲ್ಲಿ ಎಷ್ಟು ಹೋಯಿತು ಅಂತ ಮನೆಯಲ್ಲಿ ಇನ್ನೂ ಸರಿಯಾಗಿ ಹೇಳಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಲಾರಿ ಅಪ್ಪನ ಕಾಲದ್ದು, 1968ರ ಟಾಟಾ ಮರ್ಸಿಡಿಸ್, ಉದ್ದ ಮೂತಿಯದು. ಟಾಟಾ ಮತ್ತು ಬೆಂಜ್ ಒಪ್ಪಂದ ಮುಗಿದಿದ್ದು 1969ರಲ್ಲಿ. ಹಾಗಾಗಿ ನಮ್ಮ ಲಾರಿಯ ಮೂತಿ ಮೇಲೆ ಬೆಂಜ್ ನಕ್ಷತ್ರ ಇದೆ. ಈಗ ಅದು ಹೊರುವುದು ಗೊಬ್ಬರ, ಸೊಪ್ಪು ಅಷ್ಟೇ. ಆದರೂ ಮಾರೋಕೆ ಮನಸ್ಸಿಲ್ಲ.

ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಇಂಜಿನ್ ಪೂರ್ತಿ ಬಿಚ್ಚಿಸಿದೆ. ಸಿಲಿಂಡರ್ ಬೋರಿಂಗ್ ಆಯಿತು. ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಪ್ಪ ದಂಡ, ಅದು ಬೇರಿಂಗಿನಲ್ಲಿ ಕೂರುವ ಕಡೆ 20 ಥೌ (ಇಂಚಿನ ಸಾವಿರದಲ್ಲಿ ಇಪ್ಪತ್ತು ಪಾಲು) ಸಣ್ಣ ಮಾಡಿ ಗ್ರೈಂಡಿಂಗ್ ಆಯಿತು. ವಾಪಸ್ ಬರುವಾಗ ಗಾಜನೂರು ದಾಟುವ ತನಕ ಆಯಿಲ್ ಪ್ರೆಷರ್ ಮೀಟರ್ ಮುಳ್ಳು ಚೆನ್ನಾಗಿ ಮೇಲಿತ್ತು. ಮಂಡಗದ್ದೆಯಲ್ಲಿ ಟೀಗೆ ನಿಲ್ಲಿಸಿದೆ. ಇಂಜಿನ್ ಸ್ಲೋದಲ್ಲಿತ್ತು, ಮುಳ್ಳು ಪೂರ್ತಿ ಮಲಗಿತ್ತು.

ಫೋನ್ ಮಾಡಿದರೆ ಮೇಸ್ತ್ರಿ, "ಹೊಸ ಇಂಜಿನ್ ಸಾರ್, ಟೈಟ್ ಇರುತ್ತೆ. ಸಾವಿರ ಕಿಲೋಮೀಟರ್ ಓಡ್ಲಿ, ತಾನಾಗೇ ಸರಿ ಹೋಗುತ್ತೆ" ಅಂದ. ನಾನೂ ನಂಬಿದೆ. ಬೇರಿಂಗ್ ಟೈಟ್ ಇದ್ದರೆ ಆಯಿಲ್ ಸೋರುವ ಸಂದು ಕಡಿಮೆ, ಪ್ರೆಷರ್ ಜಾಸ್ತಿ ಇರಬೇಕಲ್ವಾ? ಅಷ್ಟೂ ಹೊಳೆಯಲಿಲ್ಲ.

ಆಮೇಲೆ ಶುರುವಾಯಿತು ರಿಪೇರಿ. ಮೊದಲು ಬೇರೆ ಮೀಟರ್ ಹಾಕಿ ನೋಡಿದೆ, ಅದು ಸರಿಯಾದ ಕೆಲಸವೇ. ಅದೂ ಅದನ್ನೇ ತೋರಿಸಿತು. ಗ್ಯಾರೇಜಿನವನು 15-40 ಆಯಿಲ್ ತೆಗೆದು ಅದಕ್ಕಿಂತ ಮಂದವಾದ 20-50 ಹಾಕಿದ. ಮುಳ್ಳು ಕೂದಲಷ್ಟು ಎದ್ದಿತು. ಆಮೇಲೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಹಿಂದೆ ಎರಡು ವಾಷರ್ ತುರುಕಿದ. ಈ ವಾಷರ್ ವಿದ್ಯೆಯನ್ನು ನಂಬಲೇಬೇಡಿ. ರಿಲೀಫ್ ವಾಲ್ವ್ ತೆರೆಯುವುದು ಪ್ರೆಷರ್ ಜಾಸ್ತಿಯಾದಾಗ ಮಾತ್ರ. ಬಿಸಿ ಇಂಜಿನ್ ಸ್ಲೋದಲ್ಲಿದ್ದು ಪ್ರೆಷರ್ ಬಿದ್ದಾಗ ಅದು ಮೊದಲೇ ಮುಚ್ಚಿಕೊಂಡಿರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಅಗುಳಿ ಹಾಕಿ ಏನು ಬಂತು? ಬೆಳಿಗ್ಗೆ ತಣ್ಣಗಿದ್ದಾಗ ಪ್ರೆಷರ್ ಏರಿ ಫಿಲ್ಟರ್ ಗ್ಯಾಸ್ಕೆಟ್ ಹರಿಯಿತು, ಅಷ್ಟೇ ಲಾಭ. ಕೊನೆಗೆ ಹೊಸ ಆಯಿಲ್ ಪಂಪ್ ಅಂತ ಇನ್ನೊಂದಿಷ್ಟು ದುಡ್ಡು ಕಿತ್ತ. ಅಷ್ಟರಲ್ಲಿ ಏರಿನಲ್ಲಿ ಕೆಳಗಿನಿಂದ ಗುಡುಗುಡು ಸದ್ದು ಬೇರೆ.

ಕೊಪ್ಪದ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯನ್ನು ಮನೆಗೇ ಕರೆಸಿದೆ. "ಎಂತ ಮಾರಾಯ್ರೆ, ಮೇಲಿಂದ ಮೇಲೆ ಮುಲಾಮು ಹಚ್ಚಿದ್ದೀರಿ. ಔಷಧಿ ಹೊಡೆಯುವ ಕೈಪಂಪ್ ಒಂದು ಹೊಸದು ತನ್ನಿ, ಮೈಲುತುತ್ತ ಹಾಕಿದ್ದು ಬೇಡ" ಅಂದರು. ಇಂಜಿನ್ ಅಡಿಯ ಆಯಿಲ್ ಚೇಂಬರ್ ಬಿಚ್ಚಿ, ಮೀಟರ್ ಪೈಪ್ ಕೂರುವ ತೂತಿಗೆ ಪಂಪಿನ ಪೈಪ್ ಕಟ್ಟಿ, ತೆಳು ಆಯಿಲ್ ಒತ್ತಿದರು. ಅಡಿಯಲ್ಲಿ ಟಾರ್ಚ್ ಹಿಡಿದು ನಾನು ಮಲಗಿದ್ದೆ. ಬೇರೆ ಬೇರಿಂಗ್‌ಗಳಿಂದ ಹನಿಹನಿಯಾಗಿ ಬೀಳುತ್ತಿತ್ತು. ಕ್ರ್ಯಾಂಕ್ ಹೊರುವ ಐದನೇ ಮೇನ್ ಬೇರಿಂಗಿನಿಂದ ಮಾತ್ರ ನಲ್ಲಿ ಬಿಟ್ಟ ಹಾಗೆ ಸುರಿಯಿತು, ಅರ್ಧ ನನ್ನ ಮುಖದ ಮೇಲೇ.

ಅದನ್ನು ಹಿಡಿದಿಡುವ ಕ್ಯಾಪ್ ಬಿಚ್ಚಿದರು. ಬೇರಿಂಗ್ ಅಂದರೆ ಎರಡು ಅರ್ಧ ಚಿಪ್ಪು, ಕ್ರ್ಯಾಂಕ್ ಎಷ್ಟು ಥೌ ಸಣ್ಣದಾಗಿದ್ದರೆ ಅದು ಸರಿ ಅಂತ ಬೆನ್ನಿನ ಮೇಲೆ ಬರೆದಿರುತ್ತದೆ. ಮೇಲಿನ ಅರ್ಧ ಬೇರಿಂಗಿನ ಬೆನ್ನಿನ ಮೇಲೆ 020 ಅಂತ ಇತ್ತು. ಕೆಳಗಿನದರ ಮೇಲೆ 010. ಆ 10 ಥೌ ವ್ಯತ್ಯಾಸ ಎರಡು ಅರ್ಧಕ್ಕೂ ಹಂಚಿರುತ್ತದೆ, ಒಂದು ಅರ್ಧ ಮಾತ್ರ ತೆಳು ಸೇರಿದ್ದರಿಂದ ಸಂದು 5 ಥೌ ಜಾಸ್ತಿ. ಕಾಗದದ ದಪ್ಪದಷ್ಟು, ಏನು ಮಹಾ ಅನ್ನಬೇಡಿ. ಸಂದು ಎರಡು ಪಟ್ಟಾದರೆ ಸೋರುವ ಆಯಿಲ್ ಎಂಟು ಪಟ್ಟು, ಮೂರು ಪಟ್ಟಾದರೆ ಇಪ್ಪತ್ತೇಳು ಪಟ್ಟು. ಇನ್ನು ಯಾವ ಪಂಪ್ ತಾನೇ ತಡೆದೀತು?

ಬೇರಿಂಗ್ ಡಬ್ಬಿಯ ಮೇಲೆ 20 ಅಂತಲೇ ಇತ್ತು. ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ಕಲೆತು ಹೋಗಿದೆ. ಜೋಡಿಸುವಾಗ ಬೆನ್ನು ತಿರುಗಿಸಿ ನೋಡಿದ್ದರೆ ಒಂದು ನಿಮಿಷದ ಕೆಲಸ. ಪ್ಲಾಸ್ಟಿಗೇಜ್ ಅನ್ನುವ ಮೇಣದಂಥ ಎಳೆ ಇಟ್ಟು ಕ್ಯಾಪ್ ಬಿಗಿದು ಬಿಚ್ಚಿ, ಅದು ಎಷ್ಟು ಅಗಲ ಚಪ್ಪಟೆಯಾಯಿತು ಅಂತ ಅಳೆದರೂ ಸಂದು ಗೊತ್ತಾಗುತ್ತಿತ್ತು. ನಿಮ್ಮ ಎದುರಿಗೇ ಅಳೆಯಿರಿ ಅಂತ ಕೂತುಬಿಡಿ. ಮೇಸ್ತ್ರಿ ಮುಖ ಗಂಟು ಹಾಕಿದರೂ ಏಳಬೇಡಿ.

ದುಡ್ಡು ವಾಪಸ್ ಕೇಳಿದ್ದಕ್ಕೆ ಗ್ಯಾರೇಜಿನವನು ಅಂಗಡಿಯ ಮೇಲೆ ಹಾಕಿದ, ಅಂಗಡಿಯವನು ಗ್ಯಾರೇಜಿನ ಮೇಲೆ. ಅಷ್ಟು ದಿನ ಓಡಿಸಿದ್ದಕ್ಕೆ ಕ್ರ್ಯಾಂಕಿನಲ್ಲಿ ಗೆರೆ ಬಿದ್ದಿತ್ತು. ಮತ್ತೆ ಗ್ರೈಂಡಿಂಗ್ ಮಾಡಿಸಿ 30ಕ್ಕೆ ಇಳಿಸಿದ್ದೇನೆ. ಈಗ ಎಷ್ಟು ಬಿಸಿಯಾದರೂ ಮುಳ್ಳು ಮಲಗುವುದಿಲ್ಲ. ಆದರೆ ಅಪ್ಪನ ಕ್ರ್ಯಾಂಕಿಗೆ ಇನ್ನು ಒಂದೇ ಒಂದು ಗ್ರೈಂಡಿಂಗ್ ಬಾಕಿ.